ಬಾಯಿಲೆ ಲೆಕ್ಕ ಬರ್ತದ, ಸಮೀಕರಣ ಬರವಲ್ದು. 6ನೇ ತರಗತಿಗೆ ಹ್ಯಾಂಗ ಕಲಿಸ್ತೀರಿ?

ಕಾಗಿಣಾ_ಟೀಚರ್ (ಸೇಡಂ ತಾಲೂಕು):
ಎಲ್ಲರಿಗೂ ನಮಸ್ಕಾರ್ರಿ. ನಾ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಸಾಲ್ಯಾಗ ಆರು ಮತ್ತ ಏಳಕ್ಕ ಗಣಿತ ತಗೋತೀನಿ. ಹೋದ ವಾರದ ಒಂದು ಮಾತು ತಲಿಯಿಂದ ಹೋಗವಲ್ದು, ಅದಕ್ಕ ಇಲ್ಲಿ ಕೇಳ್ಲಕತ್ತೀನಿ.

ನಮ್ಮ ಕ್ಲಾಸಿನ ಒಬ್ಬ ಹುಡುಗನ ಮನಿಯವರು ಸಂಜಿಮುಂದ ಮಿರ್ಚಿ ಭಜಿ ಗಾಡಿ ಹಚ್ತಾರ. ಗಲ್ಲಾ ಇವನ ಕೈಯಾಗ. "3 ಪ್ಲೇಟ್ ತಗೊಂಡ್ರು, 100ರ ನೋಟು ಕೊಟ್ರು, ನೀ 10 ರೂಪಾಯಿ ವಾಪಸ್ ಕೊಟ್ಟಿ. ಪ್ಲೇಟಿಗೆ ಎಷ್ಟು?" ಅಂದೆ. ನನ್ನ ಮಾತು ಮುಗಿಯೋದ್ರೊಳಗ "ಮೂವತ್ರಿ" ಅಂದ. ಅದನ್ನೇ ಬೋರ್ಡ್ ಮ್ಯಾಲ ಬರಿ ಅಂದ್ರ 3ಮ + 10 = 100 ಅಂತ ಬರದ. ನನಗ ಖುಷಿ ಆಯ್ತು. "ಮ ಅಂದ್ರೇನಪಾ?" ಅಂತ ಕೇಳಿದೆ. "ಮಿರ್ಚಿರಿ" ಅಂದ. ಹಂಗಾದ್ರ 3ಮ? "ಮೂರು ಪ್ಲೇಟ್ ಮಿರ್ಚಿ." ಮೂರು ಪ್ಲೇಟ್ ಮಿರ್ಚಿಗೆ ಹತ್ತು ರೂಪಾಯಿ ಕೂಡಿಸಿದ್ರ ನೂರು ಏನಾಯ್ತು, ಮಿರ್ಚಿನೋ ರೊಕ್ಕನೋ ಅಂತ ಕೇಳಿದ್ರ ಸುಮ್ಮ ನಿಂತ. ಹಿಂದಿನ ಸಾಲಿನ ಹುಡುಗಿ, "ಟೀಚರ್, ಮಿರ್ಚಿಗೆ ರೊಕ್ಕ ಕೂಡಂಗಿಲ್ರಿ" ಅಂದಳು. ಆಕಿ ಅಂದದ್ದು ಖರೆ ಅದ.

ಸಮೀಕರಣ ಸರಿ, ಉತ್ತರ ಸರಿ, ಆದ್ರ ಅಕ್ಷರ ಅಂದ್ರ ಏನು ಅನ್ನೋದೇ ತಪ್ಪು. ಪುಸ್ತಕದಾಗ ಎಕ್ಸ್, ವೈ ಅವ, ನಾ ಮಕ್ಕಳಿಗಿ ಹತ್ರ ಆಗ್ಲಿ ಅಂತ ಕನ್ನಡ ಅಕ್ಷರ ಹಿಡ್ಸೀನಿ. ತಪ್ಪು ಅಲ್ಲೇ ಆಯ್ತೇನು? ನೀವು ದಿನದ ಮಾತಿನಿಂದ ಸಮೀಕರಣಕ್ಕ ಹ್ಯಾಂಗ ಕರಕೊಂಡು ಹೋಗ್ತೀರಿ?

ಹಳೇ_ಮಾಸ್ತರ (ಚಿತ್ತಾಪುರ):
ಅಕ್ಕೋರೆ, ಕನ್ನಡ ಅಕ್ಷರ ತಪ್ಪಲ್ಲ. ವಸ್ತುವಿನ ಹೆಸರಿನ ಮೊದಲ ಅಕ್ಷರ ಹಿಡಿದದ್ದು ತಪ್ಪು. ಮ ಅಂದ ಕೂಡ್ಲೆ ಹುಡುಗನ ಕಣ್ಣಾಗ ಮಿರ್ಚಿ ಬರ್ತದ, ಮಿರ್ಚಿಯ ದರ ಬರಂಗಿಲ್ಲ. ಬೀಜಗಣಿತದ ಅಕ್ಷರ ಒಂದು ಸಂಖ್ಯೆ. ವಸ್ತು ಅಲ್ಲ, ವಸ್ತುವಿನ ಹೆಸರಿನ ಸಣ್ಣ ರೂಪನೂ ಅಲ್ಲ.

ನಾ 31 ವರ್ಷ ಕಲಿಸೀನಿ. ನನ್ನ ಕ್ಲಾಸಿನಾಗ ಯಾವ ಲೆಕ್ಕಕ್ಕೂ ಮೊದಲ ಸಾಲು ಇದು: "ಕ = ಒಂದು ಪ್ಲೇಟಿನ ದರ, ರೂಪಾಯಿಯಲ್ಲಿ." ಈ ಸಾಲು ಇಲ್ದ ಉತ್ತರ ಸರಿ ಬಂದ್ರೂ ಅರ್ಧ ಅಂಕ. "ಎಷ್ಟು" ಅನ್ನೋ ಮಾತು ಇಲ್ಲಾಂದ್ರ "ದರ, ವಯಸ್ಸು, ತೂಕ, ಸಂಖ್ಯೆ" ಇದ್ರಾಗ ಒಂದು ಆ ಸಾಲಿನಾಗ ಇರಲೇಬೇಕು. ಬರೇ "ಕ = ಮಿರ್ಚಿ" ಅಂತ ಬರದ್ರ ವಾಪಸ್ ಕಳಸ್ತಿದ್ದೆ.

ಭೀಮಾತೀರ:
ನಮಗ ಮ ಅಂದ್ರ ಮಾವು, ಬ ಅಂದ್ರ ಬಾಳಿಹಣ್ಣು ಅಂತಲೇ ಕಲ್ಸಿದ್ರು. ನಾವೂ ಪಾಸಾಗೀವಿ, ಇಂಜಿನಿಯರಿಂಗೂ ಮುಗ್ಸೀವಿ. ಮಕ್ಕಳಿಗಿ ಹಣ್ಣು ತೋರಿಸಿದ್ರ ಸಜಾತಿ ಪದ ಸಲೀಸಾಗಿ ತಿಳೀತದ. 2 ಮಾವು ಮತ್ತ 3 ಮಾವು, 5 ಮಾವು. ಇಷ್ಟಕ್ಕ ಯಾಕ ಗದ್ದಲ?

ಹಳೇ_ಮಾಸ್ತರ:
ತಮ್ಮಾ, 2ಮ + 3ಮ ತನಕ ನಿನ್ನ ಹಣ್ಣು ನಡೀತದ. 2ಮ + 3ಬ ಬಂದಾಗ ಮಕ್ಕಳು 5ಮಬ ಅಂತ ಬರೀತಾವ, ಯಾಕಂದ್ರ ಬುಟ್ಟ್ಯಾಗ ಒಟ್ಟು ಐದು ಹಣ್ಣು ಅವ. ಮುಂದ ಮ × ಬ ಬಂದ್ರ ಮಾವಿಗೆ ಬಾಳಿಹಣ್ಣು ಗುಣಿಸೋದು ಹ್ಯಾಂಗ? ದರ ಅಂತ ಹೇಳಿದ್ರ ಈ ತೊಡಕಿಲ್ಲ. ನೀ ಪಾಸಾದಿ, ಸಂತೋಷ. ನಿನ್ನ ಬಾಜೂಕ ಕುಂತು ಏಳನೇತ್ತಕ್ಕ ಸಾಲಿ ಬಿಟ್ಟವರು ಎಷ್ಟು ಮಂದಿ ಅಂತ ನೆನಪು ಮಾಡ್ಕೋ.

ಭೀಮಾತೀರ:
ಆ ಮಾತು ಒಪ್ಪಿದೆ ಸರ್. ನಾಲ್ಕು ಮಂದಿ ಇದ್ರು.

ಬೀದರ_ತಾಯಿ:
ನನ್ನ ಮಗಳು ಇಂಗ್ಲಿಷ್ ಮೀಡಿಯಂ, ಆರನೇತ್ತ. ನಾನು ಕನ್ನಡದಾಗ ಓದಿದಾಕಿ. ಮನ್ಯಾಗ ಕೂಡಿಸಿಕೊಂಡು ಹೇಳಿಕೊಡುವಾಗ ಒಂದು ಸಂಗತಿ ಕಂಡೆ. "ಒಂದು ಸಂಖ್ಯೆಯಿಂದ 5 ಕಳೆ" ಅಂತ ಕನ್ನಡದಾಗ ಹೇಳಿದ್ರ ಆಕಿ ಸರಿ ಬರೀತಾಳ: ಕ − 5. ಮಾತಿನ ಸಾಲು ಹ್ಯಾಂಗ ಅದನೋ ಗಣಿತದ ಸಾಲೂ ಹಂಗೇ ಅದ. ಅದನ್ನೇ ಇಂಗ್ಲಿಷಿನಾಗ ಓದಿದ್ರ ಐದು ಮೊದಲು ಬರ್ತದ, ಸಂಖ್ಯೆ ಆಮ್ಯಾಲ, ಆಗ 5 − ಕ ಅಂತ ಬರೀತಾಳ. ಕೂಡೋದ್ರಾಗ ಏನೂ ಕೆಡಲ್ಲ, ಕಳೆಯೋದ್ರಾಗ ಪೂರಾ ಕೆಡ್ತದ. ಈಗ ಯಾವ ಪ್ರಶ್ನಿ ಇದ್ರೂ ಮೊದಲು ನಮ್ಮ ಮಾತಿನಾಗ ಹೇಳು, ಆಮ್ಯಾಲ ಬರಿ ಅಂತೀನಿ.

ಕಾಗಿಣಾ_ಟೀಚರ್:
ಇದು ನನಗ ಹೊಳದೇ ಇರ್ಲಿಲ್ರಿ ಅಕ್ಕಾ. ಆದ್ರ ಕನ್ನಡದಾಗೂ ಒಂದು ತೊಡಕು ಅದ. "ಸಂಖ್ಯೆಯ ಎರಡರಷ್ಟಕ್ಕೆ 3 ಕೂಡಿಸು" ಮತ್ತ "ಸಂಖ್ಯೆಗೆ 3 ಕೂಡಿಸಿ ಎರಡರಷ್ಟು ಮಾಡು", ಇವೆರಡೂ ಮಕ್ಕಳಿಗಿ ಒಂದೇ ಕೇಳಸ್ತಾವ. ಎರಡಕ್ಕೂ 2ಕ + 3 ಬರೀತಾರ. ಎರಡನೇದು 2(ಕ + 3) ಆಗಬೇಕು.

ಬೀದರ_ತಾಯಿ:
"ಅಕ್ಕೆ" ಎಲ್ಲಿ ಅದ ನೋಡು ಅಂತ ಹೇಳ್ರಿ. "ಎರಡರಷ್ಟಕ್ಕೆ" ಅಂದ್ರ ಎರಡರಷ್ಟು ಮೊದಲೇ ಆಗಿಹೋಗ್ಯದ, ಅದಕ್ಕ ಕೂಡ್ಸೋದು. "ಸಂಖ್ಯೆಗೆ" ಅಂದ್ರ ಇನ್ನೂ ಬರೇ ಸಂಖ್ಯೆ ಅದ. ನನ್ನ ಮಗಳು ಆ ಅಕ್ಷರದ ಕೆಳಗ ಗೆರಿ ಎಳೀತಾಳ.

ತೊಗರಿ_ರೈತ (ಆಳಂದ ಕಡೆ):
ಬ್ರಾಕೆಟ್ ಮಾತು ಬಂತಲ್ಲ, ಅದಕ್ಕ ಬರೀಲಕತ್ತೀನಿ. ನಾ ಗಣಿತದ ಮಾಸ್ತರ ಅಲ್ಲ, ತೊಗರಿ ಬೆಳಿಯಾಂವ. ನಮ್ಮಪ್ಪನಿಗೆ ಅಕ್ಷರ ಬರ್ತಿರ್ಲಿಲ್ಲ. ಒಂದು ವರ್ಷ ಮಾಲು ಹಾಕಿ ಬಂದಾಗ ಚೀಟಿ ನನ್ನ ಕೈಯಾಗ ಕೊಟ್ಟು, ಲೆಕ್ಕ ಹಚ್ಚು ಅಂದ. ಖಾಲಿ ಚೀಲದ ತೂಕ ಮುರೀತಾರ ಅಂತ ನಿಮಗ ಗೊತ್ತೇ ಅದ. ಒಂದು ಚೀಲಕ್ಕ ಒಂದು ಕೆಜಿ ಮುರಿದಾರ ಅಂತ ಇಟ್ಕೋರಿ, 9 ಚೀಲ, ತುಂಬಿದ ಒಂದು ಚೀಲದ ತೂಕ ಕ ಕೆಜಿ. ನಿವ್ವಳ ಮಾಲು 9(ಕ − 1). ನಾ ಆಗ ಏಳನೇತ್ತ, 9ಕ − 1 ಅಂತ ಹಚ್ಚಿದ್ದೆ.

ಕ 51 ಇದ್ರ ಮೊದಲನೇದು 450 ಕೆಜಿ, ನಾ ಹಚ್ಚಿದ್ದು 458. ಕ್ವಿಂಟಲ್‌ಗೆ 7,000 ಹಿಡಿದ್ರ 560 ರೂಪಾಯಿ ಫರಕು. ಅಪ್ಪ ಚೀಟಿ ನೋಡ್ದೇ, "ಚೀಲ ಎಷ್ಟು ಅವ? ಒಂದೇ ಚೀಲ ತೂಗತದೇನು?" ಅಂದ. ಆ ದಿನ ಬ್ರಾಕೆಟ್ ತಿಳೀತು ನೋಡ್ರಿ. ಈಗ ನನ್ನ ಮಗನಿಗೆ ಇದೇ ಲೆಕ್ಕದಿಂದಲೇ ಕಲಿಸೀನಿ. ನಮ್ಮ ಕಲಬುರಗಿ ತೊಗರಿಗೆ 2019ರಾಗ ಜಿಐ ಗುರುತು (ಈ ಮಾಲು ಈ ಸೀಮಿದೇ ಅಂತ ಹೇಳೋ ಸರ್ಕಾರಿ ಗುರುತು) ಸಿಕ್ಕದ, ಅದರ ಚೀಲದ ಲೆಕ್ಕ ನಮ್ಮ ಮಕ್ಕಳ ಪುಸ್ತಕದಾಗ ಇರಬಾರದೇನು?

ಹಳೇ_ಮಾಸ್ತರ:
ಗೌಡ್ರೆ, ಈ ಲೆಕ್ಕ ನಾಳೆನೇ ನನ್ನ ಮೊಮ್ಮಗನಿಗೆ ಹಾಕ್ತೀನಿ. ಬ್ರಾಕೆಟ್ ಬಿಟ್ರ ರೊಕ್ಕ ಹೋಗ್ತದ ಅಂದ್ರ ಯಾವ ಮಗೂ ಮರಿಯಂಗಿಲ್ಲ.

ನೇರಮಾತು (ಕಲಬುರಗಿ):
ಎಲ್ಲಾ ಓದಿದೆ. ನನ್ನ ಪ್ರಶ್ನಿ ಬ್ಯಾರೇನೇ ಅದ. ಭಜಿ ಗಾಡಿ ಹುಡುಗ ಬಾಯಿಲೆ 30 ಅಂದನಲ್ಲ, ಅವಗ ಎಕ್ಸ್ ಯಾಕ ಬೇಕು? ಬರೋ ಲೆಕ್ಕವನ್ನ ಬರದಂಗ ಮಾಡ್ಲಕತ್ತೀವಿ. 2024ರ ಎಸ್ಸೆಸ್ಸೆಲ್ಸಿಯಾಗ ಯಾದಗಿರಿ ಕೊನಿಗೆ, 2025ರಾಗ ನಮ್ಮ ಕಲಬುರಗಿ ಕೊನಿಗೆ. ಮೊದಲು ಮಗ್ಗಿ, ಭಾಗಾಕಾರ ಗಟ್ಟಿ ಮಾಡ್ರಿ.

ಕಾಗಿಣಾ_ಟೀಚರ್:
ಅಣ್ಣಾರೆ, ನಿಮ್ಮ ಮಾತಿನ್ಯಾಗ ಅರ್ಧ ಖರೆ ಅದ. ಹಿಂದಿನಿಂದ ಬಿಡಿಸಲಿಕ್ಕೆ ಬರೋ ಲೆಕ್ಕಕ್ಕ ಅಕ್ಷರದ ಗರಜಿಲ್ಲ, 100ರಿಂದ 10 ತೆಗಿ, 3ರಿಂದ ಭಾಗಿಸು, ಮುಗೀತು. ಹುಡುಗರಿಗೆ ಅಂಥ ಲೆಕ್ಕನೇ ಕೊಟ್ಟು "ಎಕ್ಸ್ ಹಾಕು" ಅಂದ್ರ ಅವರಿಗೂ ಬ್ಯಾಸರ ಬರ್ತದ. ಅದಕ್ಕ ಬಾಯಿಲೆ ಬರದ ಲೆಕ್ಕ ಕೊಡಬೇಕು. ಇದನ್ನ ನೋಡ್ರಿ: ಒಬ್ಬ ಆಟೋದಾಂವ ಹತ್ತಿದ ಕೂಡ್ಲೆ 40, ಆಮ್ಯಾಲ ಕಿಲೋಮೀಟರಿಗೆ 10 ತಗೋತಾನ. ಇನ್ನೊಬ್ಬ ಬರೇ ಕಿಲೋಮೀಟರಿಗೆ 15. ಎಷ್ಟು ದೂರಕ್ಕ ಇಬ್ಬರದೂ ಬರೋಬ್ಬರಿ? ಗೊತ್ತಿಲ್ಲದ್ದು ಎರಡೂ ಕಡಿ ಅದ. 40 + 10ಕ = 15ಕ. ಎರಡೂ ಕಡಿಯಿಂದ 10ಕ ತೆಗದ್ರ 40 = 5ಕ, ಕ ಅಂದ್ರ 8.

ಸೀಟ್_ಆಟೋ:
ಟೀಚರ್, ಕಲಬುರಗಿಯಾಗ ಮೀಟರ್ ಹಾಕೋ ಆಟೋ ಮಕ್ಕಳು ಎಲ್ಲಿ ನೋಡ್ಯಾವ್ರಿ? ಸೂಪರ್ ಮಾರ್ಕೆಟ್‌ದಿಂದ ಹತ್ತಿದ್ರ ಸೀಟಿನ ಲೆಕ್ಕ. ನಂದೇ ಆಟೋ ಅದ, ಹೀಂಗ ಕೇಳ್ರಿ: ಸೀಟಿಗೆ 20, ದಿನದ ಗ್ಯಾಸು 300, ಮನಿಗೆ 500 ಒಯ್ಬೇಕು. 20ಕ − 300 = 500. ಕ 40. ನಲವತ್ತು ಸೀಟು ಆಗೋತನಕ ನಾ ಮನಿಗೆ ಹೋಗಂಗಿಲ್ಲ. ನನಗ ಎಕ್ಸ್ ಗೊತ್ತಿರ್ಲಿಲ್ಲ, ಈ ಲೆಕ್ಕ ದಿನಾ ಮಾಡ್ತೀನಿ.

ಕಂಡಕ್ಟರ್_ಮಗ (ಯಾದಗಿರಿ):
ನಮ್ಮಪ್ಪ ಬಸ್ಸಿನ ಕಂಡಕ್ಟರ್. 2023ರ ಜೂನ್ 11ಕ್ಕ ಶಕ್ತಿ ಯೋಜನೆ ಸುರುವಾದ ಮ್ಯಾಲ ಅವರ ಲೆಕ್ಕನೇ ಬದಲಾಯ್ತು. ಬಸ್ಸಿನಾಗ 45 ಮಂದಿ, ಅದ್ರಾಗ ಹೆಣ್ಮಕ್ಕಳ ಸಂಖ್ಯೆ ಹ, ಟಿಕೆಟ್ 50 ಅಂತ ಹಿಡೀರಿ. ವಸೂಲಿ 50(45 − ಹ). ಚೀಲದಾಗ 850 ಬಂದ್ರ 45 − ಹ = 17, ಹ = 28. ತೊಗರಿ ಚೀಲದ ಬ್ರಾಕೆಟ್ಟಿಗೂ ಇದಕ್ಕೂ ಅಣ್ಣ ತಮ್ಮಂದಿರ ಸಂಬಂಧ.

ಬೀದರ_ತಾಯಿ:
ಸಣ್ಣ ಹುಡುಗರ ಅರ್ಧ ಟಿಕೆಟ್ ಬಿಟ್ರಲ್ಲ? ಮತ್ತ ಹುಮನಾಬಾದ್ ದಾಟಿ ಝಹೀರಾಬಾದಿಗೆ ಹೋದ್ರ ನಾವೂ ಟಿಕೆಟ್ ತಗೋಬೇಕು, ರಾಜ್ಯ ದಾಟೋ ಬಸ್ಸಿಗೆ ಶಕ್ತಿ ಇಲ್ಲ.

ಕಂಡಕ್ಟರ್_ಮಗ:
ಖರೆ ಅದ ಅಕ್ಕಾ. "ಎಲ್ಲಾ ದೊಡ್ಡವರೇ, ಜಿಲ್ಲಾದೊಳಗಿನ ಬಸ್ಸು" ಅಂತ ಲೆಕ್ಕದಾಗ ಬರೀಬೇಕು. ಅರ್ಧ ಟಿಕೆಟ್ ಸೇರಿಸಿದ್ರ ಇನ್ನೊಂದು ಅಕ್ಷರ ಬೇಕಾಗ್ತದ, ಅದು ಏಳನೇತ್ತಕ್ಕ ಇಡ್ರಿ.

ಬಿದ್ರಿ_ಓಣಿ (ಬೀದರ):
ಅಕ್ಷರದ ಮಾತಿಗೆ ಇನ್ನೊಂದು. ಬಿದ್ರಿ ಸಾಮಾನಿಗೆ ಸತು ಮತ್ತ ತಾಮ್ರ ಕೂಡ್ಸಿ ಕರಗಿಸ್ತಾರ. ಸಾಮಾನ್ಯವಾಗಿ ಹೇಳೋ ಪ್ರಮಾಣ 16 ಪಾಲು ಸತುವಿಗೆ 1 ಪಾಲು ತಾಮ್ರ. ಓಣಿ ಹುಡುಗರಿಗೆ ಸಮೀಕರಣ ಬರೀರಿ ಅಂದ್ರ ಹತ್ರಾಗ ಏಳು ಮಂದಿ 16ಸ = ತ ಅಂತ ಬರದ್ರು. "ಸತು ಹದಿನಾರು, ತಾಮ್ರ ಒಂದು" ಅಂತ ಬಾಯಿಲೆ ಹೇಳಿದ್ದನ್ನೇ ಹಾಳಿ ಮ್ಯಾಲ ಇಳಿಸ್ಯಾರ. ತಾಮ್ರ 50 ಗ್ರಾಮ್ ಅಂತ ಹಾಕಿ ನೋಡ್ರಿ ಅಂದೆ. ಅವರ ಸಮೀಕರಣದ ಪ್ರಕಾರ ಸತು 3 ಗ್ರಾಮ್ ಚಿಲ್ರೆ ಬರ್ತದ. ಬೆಳಿಗ್ಗಿಂದ ಸಂಜಿತನಕ ಅಪ್ಪನ ಬಾಜೂಕ ಕೂಡೋ ಹುಡುಗ ಎದ್ದು, "ಇಲ್ಲ ಕಾಕಾ, ಸತುನೇ ಜಾಸ್ತಿ ಇರಬೇಕು, ಸ = 16ತ" ಅಂತ ತಾನೇ ತಿದ್ದಿದ. ಒಟ್ಟು 850 ಗ್ರಾಮ್ ಎರಕಕ್ಕ 17ತ = 850, ತಾಮ್ರ 50, ಸತು 800.

ಸಂಖ್ಯೆ ಹಾಕಿ ಪರೀಕ್ಷೆ ಮಾಡೋದನ್ನ ಕಲಿಸ್ರಿ. ಅದಕ್ಕಿಂತ ದೊಡ್ಡ ಔಷಧ ನನಗ ಗೊತ್ತಿಲ್ಲ.

ಹಳೇ_ಮಾಸ್ತರ:
ದೊಡ್ಡ ವಿದ್ಯಾರ್ಥಿಗಳೂ ಇದೇ ತಪ್ಪು ಮಾಡ್ತಾರಪಾ. ಪಟ್ಟು ಅನ್ನೋ ಮಾತು ಯಾವುದರ ಬಾಜೂಕ ಕೇಳಿಸ್ತದೋ ಆ ಅಕ್ಷರಕ್ಕೇ ಅಂಕಿ ಹಚ್ತಾರ.

ಭೀಮಾತೀರ:
ಸ ಅಂದ್ರ ಸತು, ತ ಅಂದ್ರ ತಾಮ್ರ. ಮೊದಲ ಅಕ್ಷರ ಹಿಡೀಬ್ಯಾಡ್ರಿ ಅಂದ್ರಲ್ಲ ಸರ್?

ಬಿದ್ರಿ_ಓಣಿ:
ಖರೆ. "ಸತುವಿನ ತೂಕ, ಗ್ರಾಮಿನಲ್ಲಿ" ಅಂತ ಮೊದಲ ಸಾಲು ಬರಿಸಿದ್ರ ಆ ಏಳು ಮಂದಿ ಮೂರು ಆಗ್ತಿದ್ರೋ ಏನೋ. ಮುಂದಿನ ಸಲ ಹಂಗೇ ಮಾಡ್ತೀನಿ.

ಶಹಾಪುರ_ಗುರುಮಾತೆ:
ಯಾರೂ = ಗುರುತಿನ ಸುದ್ದಿ ಎತ್ತಲೇ ಇಲ್ಲ. ನಾಲ್ಕನೇತ್ತದಿಂದ ಕಲಿಸೋಳು ನಾನು, ಬೇರು ಅಲ್ಲೇ ಅದ. ಮಕ್ಕಳಿಗಿ = ಅಂದ್ರ "ಉತ್ತರ ಇಲ್ಲಿ ಬರಿ" ಅಂತ. 3 × 30 = 90 + 10 = 100 ಅಂತ ಸರಪಳಿ ಹಾಕ್ತಾವ. 3 × 30 ಅಂದ್ರ 100 ಆದಂಗಾಯ್ತಲ್ಲ! ಹಂಗ ಬರಿಯೋ ಮಗು 40 + 10ಕ = 15ಕ ನೋಡಿದ್ರ ಉತ್ತರ ಎಲ್ಲಿ ಅಂತ ಹುಡುಕತದ.

ನಾ ಅದನ್ನ "ಸಮ" ಅಂತ ಓದಿಸೋದು ಬಿಟ್ಟೀನಿ, "ಬರೋಬ್ಬರಿ" ಅಂತ ಓದಿಸ್ತೀನಿ. ಸಂತ್ಯಾಗ ತಕ್ಕಡಿ ನೋಡಿ ಅವ್ವ ಅನ್ನೋ ಮಾತು ಅದು. 7 + 5 = 12 ಮಾತ್ರ ಅಲ್ಲ, 12 = 7 + 5, 7 + 5 = 10 + 2 ಅಂತನೂ ಬರಿಸ್ತೀನಿ. ಗಣಿತ ಕಿಟ್ಟಿನ ತಕ್ಕಡಿ ಎಷ್ಟೋ ಕಡಿ ಪೆಟ್ಟಿಗ್ಯಾಗೇ ಕುಂತದ, ಹೊರಗ ತಗೀರಿ. ಒಂದು ಪರಡಿಯಾಗ ಒಂದೇ ತೂಕದ ಎರಡು ಬೆಲ್ಲದ ಅಚ್ಚು ಮತ್ತ 200 ಗ್ರಾಮಿನ ಕಲ್ಲು, ಇನ್ನೊಂದ್ರಾಗ 1 ಕೆಜಿ ಕಲ್ಲು. ಎರಡೂ ಕಡಿ 200 ತಗೀರಿ, 800 ಉಳೀತು, ಅಚ್ಚಿಗೆ 400. ಆಮ್ಯಾಲ ಅದನ್ನೇ 2ಕ + 200 = 1000 ಅಂತ ಬರೀರಿ. = ಗುರುತನ್ನ 1557ರಾಗ ಮೊದಲು ಅಚ್ಚು ಮಾಡಿಸಿದ ರಾಬರ್ಟ್ ರೆಕಾರ್ಡ್ ಎರಡು ಸಮಾಂತರ ಗೆರಿ ಹಾಕಿದ್ದೇ, ಅವಕ್ಕಿಂತ ಬರೋಬ್ಬರಿ ಇರೋದು ಇನ್ನೊಂದಿಲ್ಲ ಅಂತ.

ನೇರಮಾತು:
ತಕ್ಕಡಿ ಮಾತು ಒಪ್ಪಿದೆ ಟೀಚರ್. ಆದ್ರ ಆಟೋ ಲೆಕ್ಕ ಕೋಷ್ಟಕ ಹಾಕಿದ್ರೂ ಬರ್ತದ. 1 ಕಿಮೀಗೆ ಇಷ್ಟು, 2ಕ್ಕ ಇಷ್ಟು ಅಂತ ಎಂಟರತನಕ ಬರದ್ರ ಆಯ್ತು.

ಮಳಖೇಡ_ಹುಡುಗ:
ಕೋಷ್ಟಕದಿಂದ ಇದನ್ನ ಬಿಡಿಸ್ರಿ ಅಣ್ಣಾರೆ. 9 ಮಾದಲ ಹಣ್ಣು ಮತ್ತ 7 ಬೇಲದ ಹಣ್ಣಿಗೆ 107 ನಾಣ್ಯ. 7 ಮಾದಲ ಮತ್ತ 9 ಬೇಲಕ್ಕ 101. ಒಂದೊಂದರ ದರ ಎಷ್ಟು?

ನೇರಮಾತು:
ಹಾಳಿ ತುಂಬಿತು, ಬರವಲ್ದು. ಯಾವ ಪುಸ್ತಕದ್ದು?

ಮಳಖೇಡ_ಹುಡುಗ:
ಮಹಾವೀರಾಚಾರ್ಯನ ಗಣಿತಸಾರಸಂಗ್ರಹ, ಕ್ರಿಸ್ತಶಕ 850ರ ಸುಮಾರು. ಗ್ರಂಥದ ಸುರುವಿನಾಗೇ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನನ್ನ ಹೊಗಳ್ಯಾನ. ಆ ಅರಸನ ರಾಜಧಾನಿ ಮಾನ್ಯಖೇಟ ಅಂದ್ರ ನಮ್ಮ ಮಳಖೇಡ, ಟೀಚರ್ ಹೆಸರಿನ್ಯಾಗ ಇರೋ ಕಾಗಿಣಾ ಹೊಳಿ ದಂಡಿಗೇ ಅದ. ಈಗ ಮಂದಿ ಮಳಖೇಡ ಅಂದ್ರ ಸಿಮೆಂಟು ಅಂತಾರ.

ಬಿಡಿಸೋದು ಹೀಂಗ: ಮಾದಲದ ದರ ಕ, ಬೇಲದ ದರ ಚ. ಎರಡೂ ಕೂಡ್ಸಿದ್ರ 16ಕ + 16ಚ = 208, ಅಂದ್ರ ಕ + ಚ = 13. ಒಂದರಿಂದ ಒಂದು ಕಳದ್ರ 2ಕ − 2ಚ = 6, ಅಂದ್ರ ಕ − ಚ = 3. ಕ 8, ಚ 5. ಸಾಲ್ಯಾಗ ಇದ್ದಾಗ ಬೀಜಗಣಿತ ಎಲ್ಲೋ ದೂರದಿಂದ ಬಂದದ ಅನ್ಕೊಂಡಿದ್ದೆ. ನಮ್ಮೂರ ಅರಸನ ಹೆಸರು ಹೇಳಿ ಸುರು ಮಾಡಿದ ಗ್ರಂಥದಾಗೇ ಹಣ್ಣಿನ ದರ ಕೇಳ್ಯಾನ ಅಂತ ಗೊತ್ತಾದ ದಿನ ನಿದ್ದಿ ಬರಲಿಲ್ಲ.

ಸೀಟ್_ಆಟೋ:
ಬೇಲ ಅಂದ್ರ ಬಳವಲಕಾಯಿ ಹೌದಿಲ್ಲೋ? ಬೆಲ್ಲ ಹಾಕ್ಕೊಂಡು ತಿಂತಿದ್ವಿ.

ಮಳಖೇಡ_ಹುಡುಗ:
ಹೌದ್ರಿ, ಅದೇ.

ಉರ್ದು_ಶಾಲೆ_ಸರ್ (ಕಲಬುರಗಿ):
ಅದೇ 9ನೇ ಶತಮಾನದಾಗ ಬಗ್ದಾದಿನಲ್ಲಿ ಅಲ್ ಖ್ವಾರಿಜ್ಮಿ ಬರೆದ ಗ್ರಂಥದ ಹೆಸರಿನಿಂದಲೇ ಆಲ್ಜೀಬ್ರಾ ಅನ್ನೋ ಮಾತು ಬಂದದ್ದು. ಅಲ್ ಜಬ್ರ್ ಅಂದ್ರ ಮುರಿದದ್ದನ್ನ ಕೂಡಿಸಿ ಸರಿ ಮಾಡೋದು. ಎಲುಬು ಕೂಡಿಸೋದಕ್ಕೂ ಅದೇ ಮಾತು. 20ಕ − 300 = 500ರಾಗ 300 ಕಮ್ಮಿ ಬಿದ್ದದ. ಅದನ್ನ ಎರಡೂ ಕಡಿ ಸೇರಿಸಿ ಪೂರಾ ಮಾಡಿದ್ರ 20ಕ = 800. ನಾವು "ಆ ಕಡಿ ಹೋದ್ರ ಗುರುತು ಬದಲಾಗ್ತದ" ಅಂತ ಬಾಯಿಪಾಠ ಮಾಡಿಸ್ತೀವಲ್ಲ, ಪಕ್ಷಾಂತರ ಅಂತ, ಅದು ಮಾಟ ಮಂತ್ರ ಅಲ್ಲ. ನನ್ನ ಮಕ್ಕಳಿಗಿ ಎಲುಬಿನ ಮಾತು ಹೇಳಿದ ಮ್ಯಾಲ ಯಾಕ ಗುರುತು ಬದಲಾಯ್ತು ಅಂತ ಅವರೇ ಹೇಳ್ತಾರ.

ನೇರಮಾತು:
ನಾ ಸೋತೆ ಅಂತ ಅಲ್ಲ, ಮಗ್ಗಿ ಮೊದಲು ಅನ್ನೋದಕ್ಕ ಇನ್ನೂ ನಿಂತೀನಿ. ಆದ್ರ ಹಣ್ಣಿನ ಲೆಕ್ಕ ನನ್ನ ಮಗನಿಗೆ ಹಾಕೀನಿ, ರಾತ್ರಿ ಹತ್ತರತನಕ ಕುಂತಿದ್ದ.

ಕಾಗಿಣಾ_ಟೀಚರ್ (ಎಂಟು ದಿನದ ಮ್ಯಾಲ):
ಎಲ್ಲರಿಗೂ ಶರಣು. ನಿಮ್ಮ ಮಾತು ತಗೊಂಡು ಕ್ಲಾಸಿಗೆ ಹೋದೆ. ಮೊದಲ ದಿನ ಪುಸ್ತಕ ಮುಚ್ಚಿಸಿ ತಕ್ಕಡಿ ಇಟ್ಟೆ. ಎರಡನೇ ದಿನ ಚೀಲದ ಲೆಕ್ಕ. ಮೂರು ಮಕ್ಕಳು "ನಮ್ಮ ಮನ್ಯಾಗೂ ಹಿಂಗೇ ಮುರಿದ್ರು" ಅಂತ ಎದ್ದು ನಿಂತ್ರು, ಅರ್ಧ ತಾಸು ಅದೇ ಸುದ್ದಿ, ನಾ ತಡೀಲಿಲ್ಲ. ಭಜಿ ಗಾಡಿ ಹುಡುಗ ಈಗ "ಕ = ಒಂದು ಪ್ಲೇಟಿನ ದರ, ರೂಪಾಯಿಯಲ್ಲಿ" ಅಂತ ಬರದು ಕೆಳಗ ಎರಡು ಗೆರಿ ಎಳೀತಾನ.

ಮೂರನೇ ದಿನ ನೀವೇ ಲೆಕ್ಕ ಮಾಡ್ಕೊಂಡು ಬರ್ರಿ ಅಂದಿದ್ದೆ. ಮಿರ್ಚಿಗೆ ರೊಕ್ಕ ಕೂಡಂಗಿಲ್ಲ ಅಂದ ಹುಡುಗಿ ಬರ್ಕೊಂಡು ಬಂದದ್ದು ಇದು: "ಅಪ್ಪ ಪುಣೆಯಿಂದ ತಿಂಗಳಿಗೆ ಕ ರೂಪಾಯಿ ಕಳಿಸ್ತಾನೆ. ನಾಲ್ಕು ತಿಂಗಳು ಕಳಿಸಿದ. ಅವ್ವ ಅಂಗಡಿ ಉದ್ರಿ 1,500 ತೀರಿಸಿದಳು. 22,500 ಉಳಿಯಿತು." 4ಕ − 1500 = 22500. ಕ 6,000. ಉತ್ತರ ಬಿಡಿಸಿ ಆಕಿ ಸ್ವಲ್ಪ ಹೊತ್ತು ನೋಡ್ಕೋತ ಕುಂತಳು. ತಿಂಗಳಿಗೆ ಎಷ್ಟು ಬರ್ತದ ಅಂತ ಮನ್ಯಾಗ ಯಾರೂ ಹೇಳಿರಲಿಲ್ಲಂತ.

ತೊಗರಿ_ರೈತ:
ಅಕ್ಕೋರೆ, ಅಪ್ಪ ತನ್ನ ಖರ್ಚು ತಗದು ಕಳಿಸ್ತಾನಲ್ಲ. ಪಗಾರ ಎಷ್ಟು ಅಂತ ಮುಂದಿನ ಲೆಕ್ಕ ಹಾಕ್ರಿ ಆಕಿಗೆ.

ಕಾಗಿಣಾ_ಟೀಚರ್:
ಆಕಿನೇ ಹಾಕ್ಯಾಳ್ರಿ. ಪಗಾರದಿಂದ ಖೋಲಿ ಬಾಡಿಗಿ ಕಳದು, ಊಟದ ಖರ್ಚು ಕಳದ್ರ 6,000 ಅಂತ ಮೂರು ಅಕ್ಷರದಾಗ ಬರದು ತಂದಾಳ. "ಟೀಚರ್, ಇದ್ರಾಗ ಮೂರೂ ಗೊತ್ತಿಲ್ರಿ, ಬಿಡಿಸ್ಲಿಕ್ಕ ಬರಂಗಿಲ್ಲ" ಅಂದಳು. ಎಷ್ಟು ಗೊತ್ತಾದ್ರ ಬರ್ತದ ಅಂತ ಕೇಳಿದೆ. ಎರಡು ಬೆರಳು ತೋರಿಸಿದಳು. ಐತವಾರ ಅಪ್ಪಗ ಫೋನ್ ಹಚ್ಚಿ ಬಾಡಿಗಿ ಮತ್ತ ಊಟದ್ದು ಕೇಳ್ತಾಳಂತ.